ಲ್ಯಾಪ್‌ಟಾಪ್ ಬೂಟ್ ಆಗುತ್ತಿಲ್ಲ, ವಿಂಡೋಸ್ ಮತ್ತೆ ಹಾಕಲು ಹೋದರೆ ಡ್ರೈವೇ ಕಾಣಿಸುತ್ತಿಲ್ಲ: ಟ್ಯಾಲಿ ಲೆಕ್ಕ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ತಿಪಟೂರು ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅಲ್ಲಿ ಬಳಸುವ ಲ್ಯಾಪ್‌ಟಾಪ್ ಕಳೆದ ವಾರದಿಂದ ಆನ್ ಆಗುತ್ತದೆಯೇ ಹೊರತು ವಿಂಡೋಸ್‌ವರೆಗೆ ಹೋಗುತ್ತಿಲ್ಲ. ಮಂಡಿಯ ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ) ಲೆಕ್ಕವೂ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಲವು ವರ್ಷಗಳ ಪತ್ರವ್ಯವಹಾರವೂ ಅದರಲ್ಲೇ ಇವೆ. 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್) ಸಲ್ಲಿಸಬೇಕಾಗಿರುವುದರಿಂದ ತಿಳಿದವರು ಸ್ವಲ್ಪ ಬೇಗ ದಾರಿ ತೋರಿಸಿದರೆ ಉಪಕಾರವಾಗುತ್ತದೆ.

ಆದದ್ದು ಹೀಗೆ. ಸಂಜೆ ಮಂಡಿ ಮುಚ್ಚುವ ಹೊತ್ತಿಗೆ ‘ಅಪ್‌ಡೇಟ್ ಆ್ಯಂಡ್ ಶಟ್‌ಡೌನ್’ ಒತ್ತಿದೆ. ಅಪ್‌ಡೇಟ್ ಅರ್ಧ ಆಗಿರುವಾಗ ಕರೆಂಟ್ ಹೋಯಿತು. ಬ್ಯಾಟರಿ ಬಹಳ ಕಾಲದಿಂದ ನಿಲ್ಲುತ್ತಿರಲಿಲ್ಲವಾದ್ದರಿಂದ ಲ್ಯಾಪ್‌ಟಾಪ್ ಆ ಕ್ಷಣವೇ ಆರಿಹೋಯಿತು. ಮರುದಿನ ಆನ್ ಮಾಡಿದರೆ ಮೊದಲು ತಯಾರಕರ ಲೋಗೋ, ಅದರ ಕೆಳಗೆ ತಿರುಗುವ ಚುಕ್ಕಿಗಳು, ಆಮೇಲೆ ನೀಲಿ ಪರದೆಯಲ್ಲಿ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಸಂದೇಶ ಬಂತು. ಕೆಲವು ಸಲ ಹೀಗೆ ಆದ ಮೇಲೆ ‘ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್’ ಎಂದು ತೋರಿಸಿ, ರಿಪೇರಿ ಸಾಧ್ಯವಾಗಲಿಲ್ಲ ಎಂದು ಹೇಳಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬಲ್ಲಿ ನಿಲ್ಲುತ್ತದೆ.

ಇಲ್ಲಿನ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಅವರು ವಿಂಡೋಸ್ 11ರ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದರು. ಎಲ್ಲಿ ಇನ್‌ಸ್ಟಾಲ್ ಮಾಡಬೇಕೆಂದು ಕೇಳುವ ಪರದೆಯಲ್ಲಿ ಡ್ರೈವ್‌ಗಳ ಪಟ್ಟಿ ಖಾಲಿಯಾಗಿತ್ತು. ಅದನ್ನು ನೋಡಿ, ‘ಎಸ್‌ಎಸ್‌ಡಿ (ಮಾಹಿತಿ ಉಳಿಯುವ ಡಿಸ್ಕ್) ಹೋಗಿದೆ, ಹೊಸದು ಹಾಕಿಸಿ, ಹಳೆಯ ಡೇಟಾ ಸಿಗುವುದಿಲ್ಲ’ ಎಂದರು. ಆದರೆ ಮನೆಗೆ ಬಂದು ಎಫ್2 ಒತ್ತಿ ಬಯೋಸ್ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪರದೆ) ತೆರೆದರೆ ಅಲ್ಲಿ ಎಸ್‌ಎಸ್‌ಡಿಯ ಹೆಸರೂ 512 ಜಿಬಿ ಎಂಬುದೂ ಸ್ಪಷ್ಟವಾಗಿ ಕಾಣುತ್ತಿವೆ. ಹಾಳಾದದ್ದಾದರೆ ಬಯೋಸ್‌ಗೆ ಹೇಗೆ ಕಾಣುತ್ತದೆ ಎಂಬುದು ನನ್ನ ಸಂದೇಹ.

ಇದು ಇಂಟೆಲ್ 11ನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್. 2021ರಲ್ಲಿ ಮಗನ ಆನ್‌ಲೈನ್ ತರಗತಿಗಳಿಗೆಂದು ಕೊಂಡದ್ದು, ಅವನು ಕೆಲಸಕ್ಕೆ ಸೇರಿದ ಮೇಲೆ ನನ್ನ ಬಳಿ ಉಳಿಯಿತು. ಟ್ಯಾಲಿಯ ಹಳೆಯ ಬ್ಯಾಕಪ್ ಇದೆ, ಆದರೆ ಈ ತ್ರೈಮಾಸಿಕದ ನಮೂದುಗಳು ಅದರಲ್ಲಿ ಇಲ್ಲ. ಎಸ್‌ಎಸ್‌ಡಿ ನಿಜವಾಗಿಯೂ ಹೋಗಿದೆಯೇ? ಡೇಟಾ ತೆಗೆಯಲು ದಾರಿಯಿದೆಯೇ?

ಉತ್ತರ: ರಿಪೇರಿ ಮೇಜು, ತುಮಕೂರು

ಸರ್, ಎಲ್ಲಕ್ಕಿಂತ ಮೊದಲು ಒಂದು ವಿನಂತಿ: ಯಾರು ಹೇಳಿದರೂ ಈಗಲೇ ಫಾರ್ಮ್ಯಾಟ್ ಮಾಡಿಸಬೇಡಿ, ಬಯೋಸ್‌ನಲ್ಲಿ ‘ಕ್ಲಿಯರ್ ಟಿಪಿಎಂ’ (ಡಿಸ್ಕಿನ ಬೀಗದ ಕೀಲಿ ಇಟ್ಟುಕೊಳ್ಳುವ ಚಿಪ್ಪನ್ನು ಅಳಿಸುವುದು) ಎಂಬುದನ್ನು ಮುಟ್ಟಬೇಡಿ, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ತಂತ್ರಾಂಶವನ್ನು ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಕೂಡ ಈಗಿರುವಂತೆಯೇ ಇರಲಿ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಎಸ್‌ಎಸ್‌ಡಿ ಸತ್ತಿರುವ ಸಾಧ್ಯತೆ ಕಡಿಮೆ. ಅದಕ್ಕೆ ಕಾರಣ ಹೇಳುತ್ತೇನೆ.

ಲೋಗೋ ಬರುವುದು ಮದರ್‌ಬೋರ್ಡಿನ ಫರ್ಮ್‌ವೇರ್‌ನಿಂದ, ಅಂದರೆ ಅದರಲ್ಲೇ ಅಡಕವಾಗಿರುವ ತಂತ್ರಾಂಶದಿಂದ. ಅದು ಬಂತೆಂದ ಮಾತ್ರಕ್ಕೆ ಡಿಸ್ಕ್ ಸರಿಯಿದೆ ಎನ್ನಲಾಗದು. ಆದರೆ ‘ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್’ ಎಂಬ ಪರದೆ ಮತ್ತು ಅದರ ನಂತರದ ಆಯ್ಕೆಗಳು ಬರುವುದು ಎಸ್‌ಎಸ್‌ಡಿಯಲ್ಲೇ ಇರುವ ರಿಕವರಿ ಭಾಗದಿಂದ. ಪೆನ್‌ಡ್ರೈವ್ ಇಲ್ಲದೆಯೇ ಆ ಪರದೆ ನಿಮಗೆ ಕಾಣುತ್ತಿದೆಯೆಂದರೆ ಎಸ್‌ಎಸ್‌ಡಿಯಿಂದ ನೂರಾರು ಎಂಬಿ ಮಾಹಿತಿ ಪ್ರತಿ ಸಲವೂ ಸರಿಯಾಗಿ ಓದಿಕೊಂಡು ಬರುತ್ತಿದೆ ಎಂದರ್ಥ. ಪೂರ್ತಿ ಹೋಗಿರುವ ಡಿಸ್ಕ್ ಹಾಗೆ ಮಾಡುವುದಿಲ್ಲ.

ಹಾಗಾದರೆ ನೀಲಿ ಪರದೆ ಏಕೆ? ಬೂಟ್ ಆಗುವಾಗ ಆರಂಭದ ಕಡತಗಳನ್ನು ಫರ್ಮ್‌ವೇರ್‌ನ ಸಹಾಯದಿಂದ ಓದಲಾಗುತ್ತದೆ. ಒಂದು ಹಂತದ ನಂತರ ವಿಂಡೋಸ್ ತನ್ನದೇ ಸ್ಟೋರೇಜ್ ಡ್ರೈವರ್ (ಡಿಸ್ಕನ್ನು ನಡೆಸುವ ಸಣ್ಣ ತಂತ್ರಾಂಶ) ಮೂಲಕ ಡಿಸ್ಕನ್ನು ವಹಿಸಿಕೊಳ್ಳುತ್ತದೆ. ಆ ಡ್ರೈವರ್ ಕೈಕೊಟ್ಟರೆ, ಅಲ್ಲಿಯವರೆಗೆ ಸರಿಯಾಗಿ ಕಾಣುತ್ತಿದ್ದ ಡಿಸ್ಕ್ ವಿಂಡೋಸ್ ಪಾಲಿಗೆ ಇಲ್ಲವಾಗಿಬಿಡುತ್ತದೆ. ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದರೆ ಇದೇ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿರುವುದರಿಂದ ಡ್ರೈವರ್ ಅರ್ಧ ಬದಲಾಗಿ ನಿಂತಿದೆ ಎಂಬುದು ನನ್ನ ಮೊದಲ ಅನುಮಾನ.

ಪೆನ್‌ಡ್ರೈವ್‌ನಿಂದ ಹೋದಾಗ ಪಟ್ಟಿ ಖಾಲಿಯಾಗಿರುವುದಕ್ಕೂ ಮೂಲ ಇದೇ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯು ನೇರವಾಗಿ ಕಾಣದೆ, ವಿಎಂಡಿ ಎಂಬ ನಿಯಂತ್ರಕದ ಹಿಂದೆ ಕುಳಿತಿರುತ್ತದೆ. ಕಾರ್ಖಾನೆಯಿಂದ ಬಂದ ವಿಂಡೋಸ್‌ನಲ್ಲಿ ಅದಕ್ಕೆ ಬೇಕಾದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಮೊದಲೇ ಹಾಕಿರುತ್ತಾರೆ. ಮೈಕ್ರೋಸಾಫ್ಟ್ ತಾಣದಿಂದ ಇಳಿಸಿಕೊಂಡ ಸಾದಾ ಇನ್‌ಸ್ಟಾಲರ್‌ನಲ್ಲಿ ಆ ಡ್ರೈವರ್ ಇಲ್ಲದಿದ್ದರೆ ಡ್ರೈವ್ ಕಾಣುವುದಿಲ್ಲ. ಮನೆಯಲ್ಲಿ ಜನ ಇದ್ದಾರೆ, ಬಾಗಿಲು ತೆರೆಯುವ ಕೀಲಿಕೈ ಮಾತ್ರ ಬಂದವರ ಕೈಯಲ್ಲಿಲ್ಲ ಎಂಬಂಥ ಸ್ಥಿತಿ ಇದು. ಖಾಲಿ ಪಟ್ಟಿಯನ್ನು ನೋಡಿ ಎಸ್‌ಎಸ್‌ಡಿ ಹೋಗಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಹೀಗೆ ತೀರ್ಮಾನಿಸಿ ಬದಲಾಯಿಸಿದ, ಏನೂ ಆಗಿರದ ಎಸ್‌ಎಸ್‌ಡಿಗಳು ನಮ್ಮ ಮೇಜಿಗೆ ಬರುತ್ತಲೇ ಇರುತ್ತವೆ. ಗಿರಾಕಿಯ ದುಡ್ಡಿನ ಜೊತೆಗೆ ಅವರ ಲೆಕ್ಕ, ಫೋಟೋ ಎಲ್ಲವೂ ಹೋಗುವುದನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೆ ಇನ್‌ಸ್ಟಾಲರ್‌ಗೆ ಡ್ರೈವ್ ಕಾಣುತ್ತದೆ ಎಂದು ಯೂಟ್ಯೂಬ್‌ನಲ್ಲಿ ಹೇಳುವುದು ಸುಳ್ಳಲ್ಲ. ಆದರೆ ಹಳೆಯ ವಿಂಡೋಸನ್ನು ಬದುಕಿಸಿಕೊಳ್ಳುವ ಆಸೆಯಿರುವವರು ಅದನ್ನು ಮುಟ್ಟಬಾರದು. ಆಫ್ ಮಾಡಿದ ಮೇಲೆ ಸರಿಯಾಗಿದ್ದ ವಿಂಡೋಸ್ ಕೂಡ ಇದೇ ನೀಲಿ ಪರದೆ ತೋರಿಸಬಹುದು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಭದ್ರವಾಗಿದ್ದರೆ, ಬಿಟ್‌ಲಾಕರ್ (ವಿಂಡೋಸ್‌ನ ಆ ಬೀಗ) ಕೀ ಕೇಳಲು ತೊಡಗಬಹುದು.

ಆದ್ದರಿಂದ ಮೊದಲು ಡೇಟಾ ಹೊರಗೆ ತೆಗೆಯಿರಿ, ಆಮೇಲೆ ವಿಂಡೋಸ್ ರಿಪೇರಿ ಮಾಡಿ, ಅದೂ ಆಗದಿದ್ದರೆ ಮಾತ್ರ ಹೊಸದಾಗಿ ಹಾಕಿ.

ಉತ್ತರ: ಕೋಲಾರ ಉಪನ್ಯಾಸಕಿ

ಮೇಲಿನ ಉತ್ತರವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಡೇಟಾ ತೆಗೆಯುವ ಭಾಗವನ್ನು ಮಾತ್ರ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ, ಏಕೆಂದರೆ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಎಡವುವುದು ಅಲ್ಲಿಯೇ.

ಉಬುಂಟು 24.04ರ (ವಿಂಡೋಸ್ ಬದಲು ಕಂಪ್ಯೂಟರ್ ನಡೆಸಬಲ್ಲ ಉಚಿತ ಲಿನಕ್ಸ್ ವ್ಯವಸ್ಥೆ) ಐಎಸ್‌ಒ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಲ್ಯಾಪ್‌ಟಾಪನ್ನು ಅದರಿಂದ ಬೂಟ್ ಮಾಡಿ ‘ಟ್ರೈ ಉಬುಂಟು’ ಎಂಬುದನ್ನು ಆರಿಸಿ, ‘ಇನ್‌ಸ್ಟಾಲ್’ ಎಂಬುದನ್ನು ಒತ್ತಬೇಡಿ. ಹೀಗೆ ನಡೆಸಿದಾಗ ಅದು ಪೆನ್‌ಡ್ರೈವ್ ಮತ್ತು ರ್‍ಯಾಮ್ ಮೇಲೆಯೇ ಓಡುತ್ತದೆ, ನಿಮ್ಮ ಎಸ್‌ಎಸ್‌ಡಿಗೆ ತಾನಾಗಿ ಏನನ್ನೂ ಬರೆಯುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೂ ಉಬುಂಟು ಬೂಟ್ ಆಗುತ್ತದೆ. ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನೆಲ್‌ನಲ್ಲಿ ವಿಎಂಡಿ ಡ್ರೈವರ್ ಸೇರಿಕೊಂಡೇ ಇರುವುದರಿಂದ, ವಿಂಡೋಸ್ ಇನ್‌ಸ್ಟಾಲರ್‌ಗೆ ಕಾಣದ ಎಸ್‌ಎಸ್‌ಡಿ ಇಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಕಂಡಿತೆಂದರೆ ನಿಮ್ಮ ಮೊದಲನೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆ.

ಉಳಿದರ್ಧಕ್ಕೆ ಡಿಸ್ಕಿನ ಆರೋಗ್ಯದ ದಾಖಲೆ ನೋಡಬೇಕು. ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಟ್ಟರೆ ಉಬುಂಟುವಿಗೆ ಇಂಟರ್ನೆಟ್ ಸಿಗುತ್ತದೆ. ಆಗ ಸ್ಮಾರ್ಟ್‌ಮಾಂಟೂಲ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡು ಎಸ್‌ಎಸ್‌ಡಿಯ ಸ್ಮಾರ್ಟ್ ವರದಿಯನ್ನು ಓದಬಹುದು. ಅದರಲ್ಲಿ ‘ಮೀಡಿಯಾ ಆ್ಯಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಎಂಬ ಸಾಲು ಸೊನ್ನೆಯಾಗಿರಬೇಕು, ‘ಅವೈಲಬಲ್ ಸ್ಪೇರ್’ 100ರ ಹತ್ತಿರ ಇರಬೇಕು. ‘ಪರ್ಸೆಂಟೇಜ್ ಯೂಸ್ಡ್’ ಎಂಬುದು ಎಸ್‌ಎಸ್‌ಡಿ ಎಷ್ಟು ಸವೆದಿದೆ ಎಂಬುದರ ಅಂದಾಜು. ಮೊದಲನೆಯ ಸಾಲಿನಲ್ಲಿ ದೊಡ್ಡ ಸಂಖ್ಯೆಯಿದ್ದರೆ ಒಂದೊಂದೇ ಕಡತ ನಕಲು ಮಾಡುವುದನ್ನು ಬಿಟ್ಟು, ಡಿಡಿರೆಸ್ಕ್ಯೂ ಮೂಲಕ ಇಡೀ ಡಿಸ್ಕಿನ ಪ್ರತಿಬಿಂಬವನ್ನು ಇನ್ನೊಂದು ಡಿಸ್ಕಿಗೆ ತೆಗೆಯಬೇಕು. ಓದಲು ಸುಲಭವಾದ ಭಾಗಗಳನ್ನು ಅದು ಮೊದಲು ತೆಗೆದುಕೊಂಡು, ಕಷ್ಟದ ಭಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ.

ಈಗ ಮುಖ್ಯವಾದ ವಿಷಯ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹೋಮ್ ಇದ್ದರೂ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುವ ಸಂಭವವಿದೆ. ಬಳಸುವವರಿಗೆ ಅದು ಗೊತ್ತೇ ಇರುವುದಿಲ್ಲ. ಉಬುಂಟುವಿನಲ್ಲಿ ಆ ಭಾಗವನ್ನು ಕ್ಲಿಕ್ ಮಾಡಿದಾಗ ಪಾಸ್‌ವರ್ಡ್ ಕೇಳಿದರೆ ಎನ್‌ಕ್ರಿಪ್ಟ್ ಆಗಿದೆಯೆಂದು ತಿಳಿಯಿರಿ. ಆಗ ಬೇಕಾಗುವುದು 48 ಅಂಕಿಗಳ ರಿಕವರಿ ಕೀ. ನಿಮ್ಮ ವಿಂಡೋಸ್ ಪಾಸ್‌ವರ್ಡ್ ಅಥವಾ ಪಿನ್ ಇಲ್ಲಿ ನಡೆಯುವುದಿಲ್ಲ. ಲ್ಯಾಪ್‌ಟಾಪನ್ನು ಮೊದಲು ಯಾರ ಖಾತೆಯಿಂದ ಆರಂಭಿಸಿದ್ದರೋ ಆ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿರುತ್ತದೆ. ನೀವು ಬರೆದದ್ದನ್ನು ನೋಡಿದರೆ ಅದು ನಿಮ್ಮ ಮಗನ ಖಾತೆಯಾಗಿರಬೇಕು. ಅವರು ತಮ್ಮ ಖಾತೆಗೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಸಾಧನಗಳ ಪಟ್ಟಿಯಲ್ಲಿ ಬಿಟ್‌ಲಾಕರ್ ರಿಕವರಿ ಕೀಗಳನ್ನು ತೆರೆಯಲಿ. ಒಂದಕ್ಕಿಂತ ಹೆಚ್ಚು ಕೀಗಳಿದ್ದರೆ, ನಿಮ್ಮ ಲ್ಯಾಪ್‌ಟಾಪ್‌ನ ರಿಕವರಿ ಪರದೆ ತೋರಿಸುವ ಕೀ ಐಡಿಯ ಮೊದಲ 8 ಅಕ್ಷರಗಳೊಂದಿಗೆ ಹೊಂದುವುದನ್ನು ಆರಿಸಬೇಕು.

ಫೋನಿನಲ್ಲಿ ಅಂಕಿಗಳನ್ನು ಹೇಳಿಸಿಕೊಂಡು ಬರೆಯುವಾಗ ತಪ್ಪಾಗುವುದು ಸಹಜ. ಕೀಯನ್ನು ಆರು ಅಂಕಿಗಳ 8 ಗುಂಪುಗಳಾಗಿ ಬರೆದಿರುತ್ತಾರೆ, ಪ್ರತಿಯೊಂದು ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಬರೆದುಕೊಂಡ ಮೇಲೆ ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದೊಂದು ಗುಂಪನ್ನೂ ಭಾಗಿಸಿ ನೋಡಿದರೆ, ಶೇಷ ಉಳಿದ ಗುಂಪನ್ನು ಮಾತ್ರ ಮತ್ತೆ ಕೇಳಿಕೊಂಡರೆ ಸಾಕು.

ವಿಂಡೋಸ್ ಸರಿಯಾಗಿ ಮುಚ್ಚದೆ ನಿಂತಿರುವುದರಿಂದ ಉಬುಂಟು ಆ ಭಾಗವನ್ನು ಓದಲು ಮಾತ್ರ ಅನುಮತಿಸಬಹುದು. ಅದನ್ನು ಬಲವಂತವಾಗಿ ಸರಿಪಡಿಸಲು ಹೋಗಬೇಡಿ, ನಮಗೆ ಬೇಕಾಗಿರುವುದು ನಕಲು ಮಾತ್ರ.

ಉತ್ತರ: ಚಿಂತಾಮಣಿ ತೆರಿಗೆ ಸಲಹೆಗಾರ

ಸರ್, ನಕಲು ಮಾಡುವಾಗ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾತ್ರ ತೆಗೆದುಕೊಂಡು ‘ಎಲ್ಲ ಬಂತು’ ಎಂದು ಫಾರ್ಮ್ಯಾಟ್ ಮಾಡಿಸಿಕೊಂಡು, ಆಮೇಲೆ ಟ್ಯಾಲಿ ಡೇಟಾ ಎಲ್ಲಿ ಎಂದು ಕೇಳಿಕೊಂಡು ಬರುವವರನ್ನು ನಾನು ನೋಡಿದ್ದೇನೆ. ಟ್ಯಾಲಿಪ್ರೈಮ್‌ನಲ್ಲಿ ನೀವು ಜಾಗ ಬದಲಾಯಿಸಿರದಿದ್ದರೆ ಡೇಟಾ ಇರುವುದು ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಅಲ್ಲ. ಸಿ ಡ್ರೈವ್‌ನ ‘ಯೂಸರ್ಸ್’ ಒಳಗೆ ‘ಪಬ್ಲಿಕ್’, ಅದರೊಳಗೆ ‘ಟ್ಯಾಲಿಪ್ರೈಮ್’, ಅದರೊಳಗೆ ‘ಡೇಟಾ’. ಅಲ್ಲಿ ಬರೀ ಅಂಕಿಗಳೇ ಹೆಸರಾಗಿರುವ ಫೋಲ್ಡರ್‌ಗಳು ಕಾಣುತ್ತವೆ, ಒಂದೊಂದೂ ಒಂದೊಂದು ಕಂಪನಿಯ ಲೆಕ್ಕ. ಯಾವುದು ಯಾವ ಕಂಪನಿಯದೆಂದು ಯೋಚಿಸುತ್ತ ಕೂರದೆ ‘ಡೇಟಾ’ ಫೋಲ್ಡರನ್ನು ಇಡಿಯಾಗಿ ತೆಗೆದುಕೊಳ್ಳಿ.

ನುಡಿಯ ಕಡತಗಳ ಬಗ್ಗೆಯೂ ಒಂದು ಎಚ್ಚರಿಕೆ. ಯೂನಿಕೋಡ್‌ಗೆ ಮೊದಲಿನ ಪತ್ರಗಳು ನುಡಿಯ ಆ ಹಳೆಯ ಫಾಂಟುಗಳು ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ, ಇಲ್ಲವಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಗಾಬರಿಯಾಗಿ ಅಳಿಸಿಹಾಕಿದವರಿದ್ದಾರೆ. ‘ವಿಂಡೋಸ್’ ಫೋಲ್ಡರಿನೊಳಗಿನ ‘ಫಾಂಟ್ಸ್’ ಫೋಲ್ಡರಿನಿಂದ ನುಡಿ ಎಂದು ಹೆಸರಿರುವ ಫಾಂಟುಗಳನ್ನೂ ಜೊತೆಗೆ ನಕಲು ಮಾಡಿಟ್ಟುಕೊಳ್ಳಿ.

ನಕಲು ಮಾಡುವ ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಒಂದೇ ಕಡತ ಅದರಲ್ಲಿ ಹಿಡಿಯುವುದಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬಳಸುವುದು ಒಳ್ಳೆಯದು.

ಜಿಎಸ್‌ಟಿಆರ್-1ರ ಬಗ್ಗೆ ಹೇಳುವುದಾದರೆ, ಲ್ಯಾಪ್‌ಟಾಪ್ ಸರಿಯಾಗುವವರೆಗೆ ಕಾಯಬೇಕಾಗಿಲ್ಲ. ಡೇಟಾ ಫೋಲ್ಡರ್ ಸಿಕ್ಕ ಕೂಡಲೇ ನಿಮ್ಮ ಆಡಿಟರ್ ಕಚೇರಿಯಲ್ಲಿ ಟ್ಯಾಲಿಪ್ರೈಮ್ ಇರುವ ಕಂಪ್ಯೂಟರಿನಲ್ಲಿ ತೆರೆಸಿ. ಅಲ್ಲಿನ ಟ್ಯಾಲಿ ನಿಮ್ಮದಕ್ಕಿಂತ ಹಳೆಯ ಆವೃತ್ತಿಯದಾಗಿರಬಾರದು. ಮಂಡಿ ಮಾಲೀಕರ ಸ್ವಂತ ಹೆಸರಿನಲ್ಲೋ ಪಾಲುದಾರಿಕೆಯಲ್ಲೋ ಇದ್ದರೆ ಮೊಬೈಲ್‌ಗೆ ಬರುವ ಓಟಿಪಿಯಿಂದಲೇ ರಿಟರ್ನ್ ಸಲ್ಲಿಸಬಹುದು. ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿದ್ದರೆ ಮಾತ್ರ ಡಿಜಿಟಲ್ ಸಹಿಯ ಟೋಕನ್ ಬೇಕು, ಅದರ ಡ್ರೈವರನ್ನು ಆ ಕಂಪ್ಯೂಟರಿಗೆ ಹಾಕಿಕೊಳ್ಳಬೇಕಾಗುತ್ತದೆ.

ಪ್ರತಿಕ್ರಿಯೆ: ತಿಪಟೂರು ಲೆಕ್ಕಿಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಉಬುಂಟು ಬೂಟ್ ಆಯಿತು, ಎಸ್‌ಎಸ್‌ಡಿ ಕಂಡಿತು. ಮೇಡಂ ಹೇಳಿದಂತೆ ಪಾಸ್‌ವರ್ಡ್ ಕೇಳಿತು. ಮಗ ಬೆಂಗಳೂರಿನಿಂದ ತನ್ನ ಖಾತೆ ತೆರೆದು ಕೀ ಓದಿ ಹೇಳಿದ. ಭಾಗಿಸಿ ನೋಡಿದಾಗ ಐದನೆಯ ಗುಂಪಿನಲ್ಲಿ ಶೇಷ ಬಂತು. ಮತ್ತೆ ಕೇಳಿದಾಗ ಅದರಲ್ಲಿನ 7ನ್ನು ನಾನು 1 ಎಂದು ಕೇಳಿಸಿಕೊಂಡದ್ದು ತಿಳಿಯಿತು. ಸರಿಪಡಿಸಿ ಕೊಟ್ಟ ಮೇಲೆ ಡ್ರೈವ್ ತೆರೆಯಿತು.

ಟ್ಯಾಲಿ ಡೇಟಾ, ನುಡಿ ಕಡತಗಳು, ಫಾಂಟುಗಳು ಎಲ್ಲವೂ ಎಕ್ಸ್‌ಟರ್ನಲ್ ಡಿಸ್ಕಿಗೆ ಬಂದಿವೆ. ಆಡಿಟರ್ ಕಚೇರಿಯಲ್ಲಿ ಟ್ಯಾಲಿ ತೆರೆದು ಕೊನೆಯ ದಿನದ ಬಿಲ್ಲುಗಳವರೆಗೆ ಎಲ್ಲ ನಮೂದುಗಳೂ ಇರುವುದನ್ನು ನೋಡಿದೆ. ಸ್ಮಾರ್ಟ್ ವರದಿಯಲ್ಲಿ ಇಂಟೆಗ್ರಿಟಿ ಎರರ್ಸ್ 0, ಅವೈಲಬಲ್ ಸ್ಪೇರ್ 100, ಪರ್ಸೆಂಟೇಜ್ ಯೂಸ್ಡ್ 6 ಎಂದಿದೆ. ‘ಅನ್‌ಸೇಫ್ ಶಟ್‌ಡೌನ್ಸ್’ ಎಂಬಲ್ಲಿ ಮಾತ್ರ 318 ಎಂದು ತೋರಿಸುತ್ತಿದೆ. ಇದರಿಂದ ತೊಂದರೆಯಿದೆಯೇ? ಇನ್ನು ವಿಂಡೋಸನ್ನು ಸರಿಪಡಿಸುವುದೋ ಹೊಸದಾಗಿ ಹಾಕುವುದೋ, ಯಾವುದು ಸೂಕ್ತ?

ಉತ್ತರ: ರಿಪೇರಿ ಮೇಜು, ತುಮಕೂರು

ಬಹಳ ಸಂತೋಷ ಸರ್. ಡೇಟಾ ಕೈಗೆ ಬಂದ ಮೇಲೆ ಧೈರ್ಯವಾಗಿ ಕೆಲಸ ಮಾಡಬಹುದು. ಆ ಅಂಕಿಗಳ ಪ್ರಕಾರ ನಿಮ್ಮ ಎಸ್‌ಎಸ್‌ಡಿ ಇನ್ನೂ ಚೆನ್ನಾಗಿದೆ. 318 ಎಂಬುದು ಸರಿಯಾಗಿ ಮುಚ್ಚುವ ಮೊದಲೇ ವಿದ್ಯುತ್ ಕಡಿದುಹೋದ ಸಂದರ್ಭಗಳ ಲೆಕ್ಕ. ಅದು ಎಸ್‌ಎಸ್‌ಡಿಯ ದೋಷಕ್ಕಿಂತ ಹೆಚ್ಚಾಗಿ ನಿಮ್ಮ ಬ್ಯಾಟರಿಯ ಕಥೆ ಹೇಳುತ್ತದೆ.

ಮೊದಲು ರಿಪೇರಿ ಪ್ರಯತ್ನಿಸಿ. ಪೆನ್‌ಡ್ರೈವ್ ತೆಗೆದು, ಲ್ಯಾಪ್‌ಟಾಪ್ ತಾನಾಗಿ ತೋರಿಸುವ ‘ಅಡ್ವಾನ್ಸ್ಡ್ ಆಪ್ಷನ್ಸ್’ ಪರದೆಯಿಂದಲೇ ಹೋಗಿ, ಏಕೆಂದರೆ ಆ ರಿಕವರಿ ಭಾಗದಲ್ಲಿ ತಯಾರಕರು ಹಾಕಿದ ಸ್ಟೋರೇಜ್ ಡ್ರೈವರ್ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಒತ್ತಿ ಇತ್ತೀಚಿನ ಕ್ವಾಲಿಟಿ ಅಪ್‌ಡೇಟನ್ನು ತೆಗೆಯಿರಿ. ಕೀ ಕೇಳಿದರೆ ಅದೇ 48 ಅಂಕಿಗಳನ್ನು ಕೊಡಿ.

ಅದು ಆಗದಿದ್ದರೆ ಅದೇ ಜಾಗದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ರಿಕವರಿಯಲ್ಲಿ ಡ್ರೈವ್‌ಗಳ ಅಕ್ಷರ ಬದಲಾಗಿರಬಹುದು, ನಿಮ್ಮ ಸಿ ಡ್ರೈವ್ ಅಲ್ಲಿ ಡಿ ಆಗಿರಬಹುದು. ಆದ್ದರಿಂದ ಡಿಸ್ಕ್‌ಪಾರ್ಟ್ ಎಂಬ ಆದೇಶದೊಳಗೆ ‘ಲಿಸ್ಟ್ ವಾಲ್ಯೂಮ್’ ಕೊಟ್ಟು ವಿಂಡೋಸ್ ಇರುವ ಭಾಗದ ಅಕ್ಷರವನ್ನು ಖಚಿತಪಡಿಸಿಕೊಳ್ಳಿ. ಅನಂತರ ಡಿಸ್ಮ್ ಎಂಬ, ವಿಂಡೋಸ್ ಸ್ಥಾಪನೆಯನ್ನು ಸರಿಪಡಿಸುವ ಆದೇಶವನ್ನು ಆ ಡ್ರೈವ್ ಮೇಲೆ ‘ರಿವರ್ಟ್ ಪೆಂಡಿಂಗ್ ಆ್ಯಕ್ಷನ್ಸ್’ ಆಯ್ಕೆಯೊಂದಿಗೆ ನಡೆಸಿ. ಅರ್ಧಕ್ಕೆ ನಿಂತ ಅಪ್‌ಡೇಟ್ ಕೆಲಸಗಳನ್ನು ಹಿಂದಕ್ಕೆ ತೆಗೆಯುವುದು ಇದರ ಕೆಲಸ, ಬೂಟ್ ಆಗದೆ ನಿಂತ ವಿಂಡೋಸ್‌ಗೆಂದೇ ಇರುವ ಆಯ್ಕೆ ಇದು. ಸ್ಕ್ರ್ಯಾಚ್ (ತಾತ್ಕಾಲಿಕ ಕೆಲಸದ) ಜಾಗ ಸಾಲದು ಎಂದರೆ ಅದೇ ಡ್ರೈವ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ ಅದನ್ನು ಸ್ಕ್ರ್ಯಾಚ್ ಡೈರೆಕ್ಟರಿಯಾಗಿ ತೋರಿಸಿ.

ಆಗಲೂ ನೀಲಿ ಪರದೆಯೇ ಬಂದರೆ ಡ್ರೈವರನ್ನು ನಾವೇ ಒಳಗೆ ಸೇರಿಸಬೇಕು. ತಯಾರಕರ ಸಪೋರ್ಟ್ ಪುಟದಲ್ಲಿ ನಿಮ್ಮ ಸೀರಿಯಲ್ ನಂಬರ್ ಕೊಟ್ಟು, ಸ್ಟೋರೇಜ್ ವಿಭಾಗದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಳ್ಳಿ. ಬಹಳ ಜನ ಆ ಸೆಟಪ್ ಕಡತವನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುತ್ತಾರೆ. ಅದು ಇಲ್ಲಿ ಪ್ರಯೋಜನಕ್ಕೆ ಬಾರದು. ಬೇರೆ ವಿಂಡೋಸ್ ಕಂಪ್ಯೂಟರಿನಲ್ಲಿ ಅದನ್ನು ಬಿಡಿಸಿದಾಗ ಐಎನ್‌ಎಫ್, ಎಸ್‌ವೈಎಸ್, ಕ್ಯಾಟ್ ಎಂದು ಕೊನೆಗೊಳ್ಳುವ ಕಡತಗಳಿರುವ ಫೋಲ್ಡರ್ ಸಿಗಬೇಕು, ವಿಎಂಡಿ ಎಂಬ ಹೆಸರಿನ ಫೋಲ್ಡರ್ ಇದ್ದರೆ ಅದೇ ನಮಗೆ ಬೇಕಾದದ್ದು. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಡಿಸ್ಮ್ ಆದೇಶದ ‘ಆ್ಯಡ್ ಡ್ರೈವರ್’ ಆಯ್ಕೆಯಿಂದ ಬೂಟ್ ಆಗದ ಆ ವಿಂಡೋಸ್‌ಗೆ ಸೇರಿಸಿ. ಇಲ್ಲಿ ಬೂಟ್ ಕಡತಗಳನ್ನು ಸರಿಪಡಿಸುವ ‘ಬೂಟ್‌ರೆಕ್’ ಆದೇಶಗಳನ್ನು ಒಂದಾದ ಮೇಲೊಂದು ಹೊಡೆಯುವ ವಿಡಿಯೋಗಳನ್ನು ನೋಡಿ ಹಾಗೆ ಮಾಡಬೇಡಿ. ನಿಮ್ಮ ಬೂಟ್ ಕಡತಗಳು ಸರಿಯಾಗಿವೆ, ಆದ್ದರಿಂದಲೇ ಚುಕ್ಕಿಗಳು ತಿರುಗುವವರೆಗೆ ಬರುತ್ತಿದೆ.

ಇದ್ಯಾವುದೂ ಫಲಿಸದಿದ್ದರೆ ಹೊಸದಾಗಿ ಹಾಕಿ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಕನಿಷ್ಠ 8 ಜಿಬಿ ಪೆನ್‌ಡ್ರೈವ್ ತಯಾರಿಸಿ, ಬಿಡಿಸಿದ ಡ್ರೈವರ್ ಫೋಲ್ಡರನ್ನು ಅದರಲ್ಲೇ ಇಡಿ. ಡ್ರೈವ್ ಪಟ್ಟಿ ಖಾಲಿಯಿರುವ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸಿದರೆ ಎಸ್‌ಎಸ್‌ಡಿ ಕಾಣುತ್ತದೆ. ಪಾರ್ಟಿಷನ್ ಅಳಿಸುವ ಮೊದಲು ನಕಲು ಇಟ್ಟಿರುವ ಎಕ್ಸ್‌ಟರ್ನಲ್ ಡಿಸ್ಕನ್ನು ಕಡ್ಡಾಯವಾಗಿ ಕಿತ್ತಿಡಿ. ಪ್ರಾಡಕ್ಟ್ ಕೀ ಕೊಳ್ಳಬೇಕಾಗಿಲ್ಲ. ಅದು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇರುತ್ತದೆ. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಬರುವ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿಯನ್ನು ಇನ್‌ಸ್ಟಾಲರ್ ತಾನೇ ಗುರುತಿಸಿಕೊಳ್ಳುತ್ತದೆ. ‘ಪ್ರೋ ಹಾಕಿಕೊಡುತ್ತೇವೆ’ ಎಂದು ಯಾರಾದರೂ ಕ್ರ್ಯಾಕ್ ಮಾಡಿದ ಪ್ರತಿ ಹಾಕಲು ಬಂದರೆ ಒಪ್ಪಬೇಡಿ. ವಿಂಡೋಸ್ 10 ಹಾಕಿಸುವುದೂ ಬೇಡ, ಅದಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲೆಕ್ಕಪತ್ರ ಇಡುವ ಯಂತ್ರದಲ್ಲಿ ಈ ಎರಡರಲ್ಲಿ ಯಾವುದೂ ಇರಬಾರದು.

ಪ್ರತಿಕ್ರಿಯೆ: ತಿಪಟೂರು ಲೆಕ್ಕಿಗ

ಸರ್, ವಿಂಡೋಸ್ ತೆರೆದುಕೊಂಡಿತು. ಕ್ವಾಲಿಟಿ ಅಪ್‌ಡೇಟ್ ತೆಗೆಯಲು ಹೋದಾಗ ಸಾಧ್ಯವಾಗಲಿಲ್ಲ ಎಂದಿತು. ರಿವರ್ಟ್ ಆದೇಶ ಯಶಸ್ವಿಯಾಗಿ ಮುಗಿಯಿತು ಎಂದು ತೋರಿಸಿದರೂ ನೀಲಿ ಪರದೆ ಹೋಗಲಿಲ್ಲ. ವಿಎಂಡಿ ಫೋಲ್ಡರಿನ ಡ್ರೈವರ್ ಸೇರಿಸಿ ರೀಸ್ಟಾರ್ಟ್ ಮಾಡಿದ ಮೇಲೆ, ಚುಕ್ಕಿಗಳು ಬಹಳ ಹೊತ್ತು ತಿರುಗಿ, ಲಾಗಿನ್ ಪರದೆ ಬಂತು. ಟ್ಯಾಲಿ ತೆರೆಯಿತು, ಅದರ ಲೈಸೆನ್ಸ್ ಕೂಡ ಹಾಗೆಯೇ ಇದೆ. ಜಿಎಸ್‌ಟಿಆರ್-1ನ್ನು ಆಡಿಟರ್ ಕಚೇರಿಯಿಂದಲೇ ಸಲ್ಲಿಸಿಯಾಗಿದೆ. ಇಷ್ಟಾದ ಮೇಲೂ ಒಮ್ಮೆ ಹೊಸದಾಗಿ ವಿಂಡೋಸ್ ಹಾಕಿಬಿಡುವುದು ಒಳ್ಳೆಯದೇ? ಆ ಅಪ್‌ಡೇಟ್ ಮತ್ತೆ ಬಂದು ಕೂತಿದೆ, ಅದನ್ನು ತಡೆಯಬೇಕೇ?

ಉತ್ತರ: ಕೋಲಾರ ಉಪನ್ಯಾಸಕಿ

ಹೊಸದಾಗಿ ಹಾಕುವ ಅಗತ್ಯ ಈಗ ಕಾಣುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲು ಡಿಸ್ಮ್‌ನ ‘ರಿಸ್ಟೋರ್ ಹೆಲ್ತ್’, ಆಮೇಲೆ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ನಡೆಸಿ. ಅರ್ಧ ಬರೆದು ನಿಂತ ಬೇರೆ ಸಿಸ್ಟಂ ಕಡತಗಳಿದ್ದರೆ ಅವೂ ಸರಿಯಾಗುತ್ತವೆ. ಎಸ್‌ಎಫ್‌ಸಿ ಸರಿಪಡಿಸಲಾಗದ ಕಡತಗಳಿವೆ ಎಂದು ಮತ್ತೆ ಮತ್ತೆ ಹೇಳಿದರೆ ಮಾತ್ರ ಮರುಸ್ಥಾಪನೆಯ ಯೋಚನೆ ಮಾಡಿ.

ಮಗನ ಖಾತೆಯಲ್ಲಿರುವ ಆ 48 ಅಂಕಿಗಳನ್ನು ಕೀ ಐಡಿ ಸಮೇತ ಎರಡು ಪ್ರತಿ ಮುದ್ರಿಸಿ, ಒಂದನ್ನು ಮಂಡಿಯಲ್ಲೂ ಒಂದನ್ನು ಮನೆಯಲ್ಲೂ ಇಡಿ. ಲ್ಯಾಪ್‌ಟಾಪ್‌ನ ಚೀಲದಲ್ಲಿ ಮಾತ್ರ ಇಡಬೇಡಿ. ಮುಂದೆ ಎಂದಾದರೂ ವಿಂಡೋಸ್ ಹೊಸದಾಗಿ ಹಾಕಿದರೆ ಹಳೆಯ ಕೀ ನಡೆಯುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಸ ಸ್ಥಾಪನೆಯಲ್ಲಿ ಮೈಕ್ರೋಸಾಫ್ಟ್ ಖಾತೆ ಬಳಸಿದರೆ ಇನ್ನೂ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿ ಆನ್ ಆಗುತ್ತದೆ. ಆಗ ಹೊಸ ಕೀಯನ್ನು ಮತ್ತೆ ಮುದ್ರಿಸಿಟ್ಟುಕೊಳ್ಳಬೇಕು.

ಉತ್ತರ: ರಿಪೇರಿ ಮೇಜು, ತುಮಕೂರು

ಅಪ್‌ಡೇಟ್ ತಡೆಯುವುದು ಬೇಡ ಸರ್, ಮುಂದೂಡಿದರೆ ಸಾಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಪಾಝ್ ಅಪ್‌ಡೇಟ್ಸ್’ ಎಂಬಲ್ಲಿ ಒಂದು ವಾರ ಕೊಡಿ. ಆ ವಾರದಲ್ಲಿ ಬ್ಯಾಟರಿ ಬದಲಾಯಿಸಿ. ಹಳೆಯ ಬ್ಯಾಟರಿಯ ಮೇಲೆ ಅಚ್ಚಾಗಿರುವ ಪಾರ್ಟ್ ನಂಬರ್ ನೋಡಿ ಅದೇ ನಂಬರಿನದನ್ನು ತರಿಸಿ, ಮಾಡೆಲ್ ಹೆಸರು ಹೇಳಿ ತರಿಸಿದರೆ ಕನೆಕ್ಟರ್ ಹೊಂದದೆ ವಾಪಸ್ ಕಳಿಸುವ ಪ್ರಸಂಗ ಬರುತ್ತದೆ. ಹಳೆಯದು ಉಬ್ಬಿರುವಂತೆ ಕಂಡರೆ, ಅಂದರೆ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ತಳದ ಮುಚ್ಚಳ ಬಿಗಿಯಾಗಿ ಕೂರದಿದ್ದರೆ, ಚಾರ್ಜಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ.

ಹೊಸ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಆದ ಮೇಲೆ, ಚಾರ್ಜರ್ ಜೋಡಿಸಿಯೇ ಅಪ್‌ಡೇಟ್ ಬಿಡಿ. ಮಂಡಿ ಮುಚ್ಚುವ ಹೊತ್ತಿಗೆ ಬೇಡ, ಬೆಳಿಗ್ಗೆ ಬಂದ ಕೂಡಲೇ ಬಿಡಿ. ಆ ದಿನದ ಟ್ಯಾಲಿ ಬ್ಯಾಕಪ್ ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಿ, ಡಿಸ್ಕನ್ನು ಕಿತ್ತು ಬೇರೆ ಇಟ್ಟ ಮೇಲೆಯೇ ರೀಸ್ಟಾರ್ಟ್ ಒತ್ತಿ.